ಮಾತಿನ ಮರೆಯ ಮಾತು

ಪರಭಾಷೆಯ ನಿಘಂಟನ್ನು ಕಾದಂಬರಿಯಂತೆ ಓದುವ ಚಪಲವೊಂದು ನನಗೆ ಬಹುಕಾಲದಿಂದ ಅಂಟಿಕೊಂಡಿದೆ. ಮನೆಯವರು ಇದನ್ನು ಕೆಲಸವಿಲ್ಲದವನ ಕೆಲಸವೆನ್ನುತ್ತಾರೆ. ಇರಲಿ. ಈ ಚಪಲವೇ ನನ್ನನ್ನು ಕೆಲವು ವರ್ಷಗಳ ಹಿಂದೆ ಚೀನೀ ಭಾಷೆಯ ಹೊಸ್ತಿಲಿಗೆ ಕೊಂಡೊಯ್ದು ನಿಲ್ಲಿಸಿತು. ಒಳಮನೆಯನ್ನು ಹೊಗುವ ಶಕ್ತಿ ನನಗಿಲ್ಲ. ಆದರೆ ಹೊಸ್ತಿಲಲ್ಲಿ ನಿಂತು ಕಂಡದ್ದೇ ನನ್ನ ಆಯುಷ್ಯಕ್ಕೆ ಸಾಲುವಷ್ಟಿದೆ.

ಆ ಭಾಷೆಯ ಗುಟ್ಟೆಲ್ಲ ಅದರ ಧ್ವನಿಗಳ ಬಡತನದಲ್ಲಿದೆ. ಬೀಜಿಂಗಿನ ನುಡಿಯನ್ನು ಆಧರಿಸಿದ ಶಿಷ್ಟಭಾಷೆಯಲ್ಲಿರುವ ಉಚ್ಚಾರಗಳು ಸುಮಾರು 400. ಸ್ವರದ ಏರಿಳಿತಗಳಿಂದ ಅವನ್ನು ನಾಲ್ಕು ಬಗೆಯಾಗಿ ನುಡಿದರೂ ಒಟ್ಟು ಸಂಖ್ಯೆ 1,300ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಅಕ್ಷರಗಳೋ ಸಾವಿರ ಸಾವಿರ! ಅಂದಮೇಲೆ ಒಂದೇ ಧ್ವನಿಯ ಸೂರಿನಡಿ ಹತ್ತಾರು ಅರ್ಥಗಳು ಅವಿಭಕ್ತ ಕುಟುಂಬದವರಂತೆ ಬಾಳಬೇಕಾದುದು ಅನಿವಾರ್ಯ. ಚಾವ್ ಯುವಾನ್‌ರೆನ್ (1892–1982) ಎಂಬ ಭಾಷಾಪಂಡಿತರು 'ಶಿ' ಎಂಬ ಒಂದೇ ಉಚ್ಚಾರವುಳ್ಳ ತೊಂಬತ್ತಕ್ಕೂ ಮಿಕ್ಕ ಅಕ್ಷರಗಳಿಂದ, ಸಿಂಹಗಳನ್ನು ತಿನ್ನಹೊರಟ ಕವಿಯೊಬ್ಬನ ಕಥೆಯನ್ನೇ ಬರೆದಿದ್ದಾರೆ. ಕಣ್ಣಿಂದ ಓದಿದರೆ ಅದು ಕಥೆ. ಕಿವಿಯಿಂದ ಕೇಳಿದರೆ ಬರಿಯ ಸಿಳ್ಳು.

ಇಂಥ ಭಾಷೆಯನ್ನಾಡುವವರು ಶಬ್ದಕ್ಕೆ ಅಂಜುವುದೂ ಉಂಟು, ಶಬ್ದದಿಂದ ನಲಿಯುವುದೂ ಉಂಟು. ನಾಲ್ಕು ಎಂಬುದರ ಉಚ್ಚಾರ ಸಾವು ಎಂಬುದಕ್ಕೆ ತೀರ ಹತ್ತಿರ. ಆದ್ದರಿಂದ ಅನೇಕ ಕಟ್ಟಡಗಳಲ್ಲಿ ನಾಲ್ಕನೆಯ ಅಂತಸ್ತೆಂಬ ಹೆಸರೇ ಇರುವುದಿಲ್ಲ. ಎಂಟರ ಧ್ವನಿ ಏಳಿಗೆಯನ್ನು ನೆನಪಿಸುತ್ತದೆ. ಆದ್ದರಿಂದಲೇ ಬೀಜಿಂಗಿನ ಒಲಿಂಪಿಕ್ ಕ್ರೀಡೋತ್ಸವಕ್ಕೆ 2008ರ ಎಂಟನೆಯ ತಿಂಗಳ ಎಂಟನೆಯ ದಿನ, ರಾತ್ರಿ ಎಂಟರ ಮುಹೂರ್ತ! ಹೊಸ ವರ್ಷದ ಹಿಂದಿನ ರಾತ್ರಿಯ ಊಟದಲ್ಲಿ ಮೀನಿರಬೇಕು, ಅದರಲ್ಲಿ ಒಂದಿಷ್ಟು ಉಳಿಯಲೂ ಬೇಕು; ಏಕೆಂದರೆ ಮೀನಿಗೂ ಮಿಗತೆಗೂ ಒಂದೇ ಉಚ್ಚಾರ. ಬಾಗಿಲ ಮೇಲೆ ಭಾಗ್ಯವೆಂಬ ಅಕ್ಷರವನ್ನು ತಲೆಕೆಳಗಾಗಿ ಅಂಟಿಸುತ್ತಾರೆ. ನೋಡಿದವನು 'ಭಾಗ್ಯ ತಲೆಕೆಳಗಾಗಿದೆ' ಎಂದರೆ, ಕೇಳಿದವನಿಗೆ 'ಭಾಗ್ಯ ಬಂದಿದೆ' ಎಂದೇ ಕೇಳಿಸುತ್ತದೆ.

ನಮ್ಮ ಬೀದಿಯ ತರುಣ ಇಂಜಿನಿಯರೊಬ್ಬರು ಕೆಲಸದ ನಿಮಿತ್ತ ಅಲ್ಲಿಗೆ ಹೊರಟಾಗ, ತಮ್ಮ ಆತಿಥೇಯರಿಗೆಂದು ಕೊಂಡಿದ್ದ ಸುಂದರವಾದ ಗಡಿಯಾರವನ್ನು ನನಗೆ ತೋರಿಸಿದರು.

"ಇದೊಂದು ಬೇಡಪ್ಪ," ಎಂದೆ.

"ಕಾಲ ತಿಳಿಸುವ ವಸ್ತುವಿನಲ್ಲಿ ಅಂಥ ದೋಷವೇನು, ರಾಯರೇ?" ಎಂದರು.

ಗಡಿಯಾರವನ್ನು ಕೊಡುವುದೆಂಬ ಮಾತು ಅಲ್ಲಿ ಅಂತ್ಯಕಾಲದಲ್ಲಿ ಬೀಳ್ಕೊಡುವುದೆಂಬಂತೆ ಕೇಳಿಸುತ್ತದೆಂದು ವಿವರಿಸಿದ ಮೇಲೆ, ಅವರು ಗಂಧದ ಪೆಟ್ಟಿಗೆಯೊಂದನ್ನು ಕೊಂಡೊಯ್ದರು. ನಮಗೆ ಇದರಲ್ಲಿ ನಗುವ ಅಧಿಕಾರವೇನೂ ಇಲ್ಲ. ಹೊರಡುವಾಗ 'ಹೋಗುತ್ತೇನೆ' ಎನ್ನದೆ 'ಹೋಗಿ ಬರುತ್ತೇನೆ' ಎನ್ನುವ ಮನೆಗಳಲ್ಲಿ ಬೆಳೆದವರಲ್ಲವೆ ನಾವು?

ಮನೆಯ ಈ ವಿನೋದ ಬೀದಿಗೆ ಇಳಿದಾಗ ಅದರ ಬಣ್ಣ ಬೇರೆಯಾಗುತ್ತದೆ. ಡೆಂಗ್ ಷ್ಯಾವ್‌ಪಿಂಗ್ ಎಂಬ ಹೆಸರಿನ ಕೊನೆಯ ಭಾಗವನ್ನು ಕಿವಿಯಿಂದ ಕೇಳಿದರೆ 'ಪುಟ್ಟ ಸೀಸೆ' ಎಂದೂ ಅರ್ಥವಾಗುತ್ತದೆ. 1976ರಲ್ಲಿ ಅವರು ಪದಚ್ಯುತರಾದರು. ಮರುವರ್ಷದ ಆರಂಭದಲ್ಲಿ, ಅವರು ಮರಳಿ ಬರಲೆಂದು ಹಾರೈಸಿದ ಜನ ಟಿಯಾನನ್‌ಮೆನ್ ಚೌಕದಲ್ಲಿ ಗಿಡಮರಗಳಿಗೆ ಪುಟ್ಟ ಸೀಸೆಗಳನ್ನು ಕಟ್ಟಿದರು. ಆ ವರ್ಷವೇ ಅವರು ಮರಳಿ ಬಂದರು. ಹನ್ನೆರಡು ವರ್ಷಗಳ ತರುವಾಯ, 1989ರಲ್ಲಿ, ಅವರ ಆಳ್ವಿಕೆಯ ಮೇಲೆ ಸಿಟ್ಟಿಗೆದ್ದ ತರುಣರು ಅವೇ ಪುಟ್ಟ ಸೀಸೆಗಳನ್ನು ನೆಲಕ್ಕಪ್ಪಳಿಸಿ ಒಡೆದರು. ಸೀಸೆ ಒಡೆಯುವುದು ಯಾವ ಕಾನೂನಿನಲ್ಲಿ ಅಪರಾಧ? ಆದರೆ ಆ ಸದ್ದಿನ ಅರ್ಥ ಯಾರಿಗೂ ತಿಳಿಯದೆ ಇರಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಶ್ಲೇಷೆಯು ದುರ್ಬಲರ ಆಯುಧವೆಂದು ಹೊಗಳಿ ಸುಮ್ಮನಾಗಬಹುದಿತ್ತು. ಆದರೆ ಈ ಕತ್ತಿಗೆ ಎರಡು ಅಲಗು. ಮಾತಿನ ಮರೆಯಲ್ಲಿ ಮಾತಿರುವ ನಾಡಿನಲ್ಲಿ, ಆಳುವವರೂ ಎಲ್ಲ ಮಾತಿನ ಮರೆಯನ್ನು ಕೆದಕತೊಡಗುತ್ತಾರೆ. ವು ಹಾನ್ ಎಂಬವರು ಇತಿಹಾಸಕಾರರು, ಬೀಜಿಂಗಿನ ಉಪಮೇಯರು. ಮಿಂಗ್ ಅರಸರ ಕಾಲದ ಪ್ರಾಮಾಣಿಕ ಅಧಿಕಾರಿ ಹಾಯ್ ರುಯಿ ಪದಚ್ಯುತನಾದುದನ್ನು ಕುರಿತು ಅವರು ಬರೆದ ನಾಟಕ 1961ರಲ್ಲಿ ರಂಗಕ್ಕೆ ಬಂತು. ಹಾಯ್ ರುಯಿಯ ಧೈರ್ಯವನ್ನು 1959ರಲ್ಲಿ ಸ್ವತಃ ಮಾವೋ ಅವರೇ ಹೊಗಳಿದ್ದರು. ಆದರೆ ಅದೇ ವರ್ಷ, ಮಾವೋ ಅವರ ನೀತಿಯನ್ನು ಟೀಕಿಸಿದ ರಕ್ಷಣಾ ಸಚಿವ ಪೆಂಗ್ ದೆಹ್ವಾಯ್ ಅಧಿಕಾರ ಕಳೆದುಕೊಂಡಿದ್ದರು. ಹಳೆಯ ಅಧಿಕಾರಿಯ ಹೆಸರಿನಲ್ಲಿ ಹೊಸ ಸಚಿವನ ಪರವಾಗಿ ವಾದಿಸಲಾಗಿದೆಯೆಂಬ ಅರ್ಥವನ್ನು ನಾಟಕಕ್ಕೆ ಹಚ್ಚಲಾಯಿತು. 1965ರ ನವೆಂಬರಿನಲ್ಲಿ ಷಾಂಘೈಯ ಪತ್ರಿಕೆಯೊಂದರಲ್ಲಿ ಬಂದ ಕಟುವಿಮರ್ಶೆ ಮರುವರ್ಷದ ಸಾಂಸ್ಕೃತಿಕ ಕ್ರಾಂತಿಗೆ ಮುನ್ನುಡಿಯಾಯಿತು. ವು ಹಾನ್ 1969ರಲ್ಲಿ ಸೆರೆಯಲ್ಲೇ ಪ್ರಾಣಬಿಟ್ಟರು. ನಾಟಕಕಾರನು ಇಟ್ಟ ಅರ್ಥ ಯಾವುದು, ಓದಿದವನು ತೆಗೆದ ಅರ್ಥ ಯಾವುದು ಎಂಬ ಪ್ರಶ್ನೆ ನಮಗೆ ಸಾಹಿತ್ಯವಿಮರ್ಶೆಯ ವಿಷಯ. ಅವರಿಗೆ ಅದು ಜೀವದ ವಿಷಯವಾಯಿತು.

ಈಚಿನ ಕಾಲದಲ್ಲಿ ಈ ಕಣ್ಣುಮುಚ್ಚಾಲೆ ಅಂತರಜಾಲಕ್ಕೆ ಸಾಗಿದೆ. 2004ರಲ್ಲಿ ಸರಕಾರ 'ಸಾಮರಸ್ಯದ ಸಮಾಜ'ವೆಂಬ ಘೋಷಣೆಯನ್ನು ಮುಂದಿಟ್ಟಿತು. ಅಳಿಸಿಹೋದ ತಮ್ಮ ಬರಹಗಳಿಗೆ ಜನ 'ಸಾಮರಸ್ಯವಾಯಿತು' ಎನ್ನತೊಡಗಿದರು. ಆ ಮಾತಿನ ಮೇಲೂ ಕಣ್ಣು ಬಿದ್ದಾಗ, ಅದೇ ಬಗೆಯಾಗಿ ಕೇಳಿಸುವ 'ಹೊಳೆಯ ಏಡಿ'ಯನ್ನು ಹಿಡಿದು ತಂದರು. 1989ರ ಜೂನ್ 4ರ ಹತ್ಯಾಕಾಂಡವನ್ನು ಹೆಸರಿಸುವಂತಿಲ್ಲವಾದ್ದರಿಂದ ಮೇ ತಿಂಗಳಿಗೆ ನಾಲ್ಕು ದಿನ ಸೇರಿಸಿ 'ಮೇ 35' ಎಂದರು. 2014ರ ನವೆಂಬರಿನಲ್ಲಂತೂ ಆಕಾಶವಾಣಿ, ದೂರದರ್ಶನಗಳಲ್ಲಿ ನುಡಿಗಟ್ಟುಗಳನ್ನು ತಿರುಚಿ ಶ್ಲೇಷೆಯಾಡಬಾರದೆಂದು ಅಧಿಕಾರಿಗಳು ಆಜ್ಞೆ ಹೊರಡಿಸಿದರು. ಭಾಷೆ ಕೆಡಬಾರದೆಂಬುದು ಅವರು ಕೊಟ್ಟ ಕಾರಣ. ಉಚ್ಚಾರದ ಬಡತನವೇ ಹುಟ್ಟುಗುಣವಾದ ಭಾಷೆಯಲ್ಲಿ ಶ್ಲೇಷೆಯನ್ನು ತಡೆಯುವುದೆಂದರೆ ನೀರಿಗೆ ಒದ್ದೆಯಾಗಬೇಡವೆಂದು ಹೇಳಿದಂತೆ.

ಒಂದೊಂದು ಮಾತಿಗೂ ಬೇಲಿ ಬಿದ್ದಾಗ ಉಳಿಯುವುದೇನು? 2022ರ ನವೆಂಬರ್ 24ರಂದು ಉರುಮ್ಚಿ ನಗರದ ವಸತಿಕಟ್ಟಡವೊಂದರಲ್ಲಿ ಬೆಂಕಿ ಬಿದ್ದು ಹತ್ತು ಮಂದಿ ಸತ್ತರು. ಸಾಂಕ್ರಾಮಿಕ ರೋಗದ ಹೆಸರಿನಲ್ಲಿ ವಿಧಿಸಿದ್ದ ದಿಗ್ಬಂಧನವೇ ಅವರ ಪಾರಾಗುವಿಕೆಗೆ ಅಡ್ಡಿಯಾಯಿತೆಂದು ನಂಬಿದ ತರುಣ ತರುಣಿಯರು ನಗರ ನಗರಗಳಲ್ಲಿ ಬೀದಿಗೆ ಬಂದರು. ಅವರ ಕೈಯಲ್ಲಿದ್ದುದು ಬರಿಯ ಬಿಳಿಯ ಹಾಳೆ. ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಆದರೂ ಪೊಲೀಸರು ಅದನ್ನು ಓದಿದರು, ದಾರಿಹೋಕರು ಓದಿದರು, ಚಿತ್ರಗಳಲ್ಲಿ ನೋಡಿದ ನಾನೂ ಓದಿದೆ. ಚೀನೀ ಭಾಷೆಯಲ್ಲಿ ಇಷ್ಟು ವರ್ಷ ತಡಕಾಡಿದ ಮೇಲೆ, ನಿಘಂಟಿನ ನೆರವಿಲ್ಲದೆ ನಾನು ಪೂರ್ತಿಯಾಗಿ ಓದಿದ ಪುಟ ಅದೊಂದೇ.