ಬಾಯ್ನಾ: ಹೊತ್ತಿಳಿದ ಮೇಲಿನ ಕೂಲಿ

ಗೋವೆಗೆ ಹೋಗಿಬಂದೆವೆಂದರೆ ಕೇಳಿದವರ ಮುಖದಲ್ಲಿ ಒಂದು ಕಿರುನಗೆ ಸುಳಿಯುವುದುಂಟು. ಮರಳದಂಡೆ, ಮದ್ಯ, ವಿದೇಶೀ ಪ್ರವಾಸಿಗಳು, ಹಳೆಯ ಗೋವೆಯ ಭವ್ಯ ಇಗರ್ಜಿಗಳು. ಇಷ್ಟರಲ್ಲಿಯೇ ಆ ನಾಡು ಮುಗಿಯಿತೆಂಬ ಭಾವನೆ ನಮ್ಮ ಕಡೆಯಲ್ಲಿ ಬಲವಾಗಿ ಬೇರೂರಿದೆ. ನಾವು ಹೇಳಹೊರಟಿರುವ ಬಾಯ್ನಾ ಆ ಗೋವೆಯಲ್ಲ. ವಾಸ್ಕೋ ಪಟ್ಟಣದ ಮಗ್ಗುಲಲ್ಲಿ, ಮುರಗಾಂವ ಬಂದರಿನ ಗುಡ್ಡಕ್ಕೆ ಬೆನ್ನು ಕೊಟ್ಟು ಕಡಲಿಗೆ ಮುಖಮಾಡಿ ಕುಳಿತಿರುವ ಇಕ್ಕಟ್ಟಾದ ಊರು ಅದು. ಅಲ್ಲಿಯ ಓಣಿಗಳಲ್ಲಿ ಕಿವಿಗೆ ಬೀಳುವ ಮಾತು ಕನ್ನಡ. ಅದೂ ಗದಗ, ಬಾಗಲಕೋಟೆ, ವಿಜಯಪುರ, ಕೊಪ್ಪಳಗಳ ಗಟ್ಟಿ ಕನ್ನಡ.

ಬಾಯ್ನಾಕ್ಕೆ ಹೋಗಲು ಕನ್ನಡಿಗರಿಗೆ ಎರಡು ದಾರಿಗಳಿವೆ. ಹುಬ್ಬಳ್ಳಿಯ ಕಡೆಯವರು ಲೋಂಡಾ, ಕ್ಯಾಸಲ್‌ರಾಕ್ ದಾಟಿ, ದೂಧಸಾಗರದ ಜಲಪಾತವನ್ನು ಕಿಟಕಿಯಿಂದಲೇ ಕಂಡು ಘಟ್ಟವಿಳಿಯುತ್ತಾರೆ. ಕಾಸರಗೋಡು, ಮಂಜೇಶ್ವರದವರಿಗೆ 1998ರ ಜನವರಿಯಲ್ಲಿ ಪೂರ್ತಿಯಾಗಿ ತೆರೆದ ಕೊಂಕಣ ರೈಲುಮಾರ್ಗವೇ ಅನುಕೂಲ. ನಾವು ಬಂದದ್ದು ಈ ಎರಡನೆಯ ದಾರಿಯಿಂದ. ಮಡಗಾಂವದಲ್ಲಿಳಿದು ಬಸ್ಸು ಹಿಡಿದೆವು. ಆದರೆ ಬಾಯ್ನಾದ ಕನ್ನಡಿಗರನ್ನು ಕರೆತಂದದ್ದು ಮೊದಲನೆಯ ದಾರಿಯೆಂಬುದನ್ನು ನೆನಪಿಡಬೇಕು.

1961ರ ಡಿಸೆಂಬರ್ 19ರಂದು ಗೋವೆ ಪೋರ್ಚುಗೀಸರಿಂದ ಬಿಡುಗಡೆ ಹೊಂದಿತು. ಅನಂತರ ಬಂದರು ಬೆಳೆಯಿತು, ಕಬ್ಬಿಣದ ಅದಿರಿನ ಸಾಗಾಟ ಹೆಚ್ಚಿತು, 1973ರಲ್ಲಿ ಜುವಾರಿಯ ಗೊಬ್ಬರದ ಕಾರ್ಖಾನೆ ನಡೆಯತೊಡಗಿತು. ರಸ್ತೆ, ಸೇತುವೆ, ಕಟ್ಟಡಗಳಿಗೆ ಕೈಗಳು ಬೇಕಾದವು. ಮಳೆ ಕೈಕೊಟ್ಟ ಬಯಲುಸೀಮೆಯಲ್ಲಿ ಕೈಗಳಿಗೇನೂ ಕೊರತೆಯಿರಲಿಲ್ಲ. ಹೀಗೆ ಬಂದವರು ಬಾಯ್ನಾದ ಕಡಲಂಚಿನಲ್ಲಿ ತಗಡು, ತಾಡಪತ್ರಿಗಳ ಗೂಡು ಕಟ್ಟಿಕೊಂಡರು. ಊರಿನವರು ಅವರನ್ನು ‘ಘಾಟಿ’ಗಳೆಂದರು. ಘಟ್ಟದ ಮೇಲಿನಿಂದ ಬಂದವನೆಂಬುದು ಅದರ ಅರ್ಥವಾದರೂ, ಆ ಪದವನ್ನು ಉಚ್ಚರಿಸುವ ಧಾಟಿಯೇ ಬೇರೆ. 1956ರ ನವೆಂಬರ್ ಒಂದರ ಬೆಳಗಾಗುವಷ್ಟರಲ್ಲಿ, ಇದ್ದ ಮನೆಯಲ್ಲಿಯೇ ಇದ್ದುಕೊಂಡು ಪರರಾಜ್ಯದವರಾದ ನಮ್ಮ ಗಡಿನಾಡಿನ ಓದುಗರಿಗೆ ಆ ಧಾಟಿಯನ್ನು ವಿವರಿಸಬೇಕಾಗಿಲ್ಲ.

ಬಾಯ್ನಾದ ಹೆಸರಿಗೆ ಇನ್ನೊಂದು ಕಳಂಕವೂ ಅಂಟಿತ್ತು. ಹಡಗುಕಟ್ಟೆಯ ಬಳಿಯ ಈ ದಂಡೆಯ ಮೇಲೆ ಹೆಂಗಸರ ದೇಹವನ್ನು ಮಾರುವ ಕೇರಿಯೊಂದು ಹಲವು ದಶಕಗಳ ಕಾಲ ನಡೆಯಿತು. ಅಲ್ಲಿಗೆ ತರಲ್ಪಟ್ಟವರಲ್ಲಿ ಹೆಚ್ಚಿನವರು ಕರ್ನಾಟಕ ಮತ್ತು ಆಂಧ್ರದ ಬಡ ಹಳ್ಳಿಗಳ ಹುಡುಗಿಯರು. ದೇವದಾಸಿಯರನ್ನಾಗಿ ಬಿಡುವುದನ್ನು ಕರ್ನಾಟಕವು 1982ರಲ್ಲಿ ಕಾನೂನಿನಿಂದ ನಿಷೇಧಿಸಿತಾದರೂ, ಬಡತನ ಮತ್ತು ದಲ್ಲಾಳಿಗಳು ಆ ಕಾನೂನಿಗೆ ಹೆದರಲಿಲ್ಲ. ಕೊನೆಗೆ ನ್ಯಾಯಾಲಯದ ಆದೇಶದ ಬೆನ್ನಿಗೆ, 2004ರ ಜೂನ್ 14ರಂದು, ಮಳೆಗಾಲದ ಬಾಗಿಲಲ್ಲಿ, ಆ ಕೇರಿಯನ್ನು ಯಂತ್ರಗಳಿಂದ ಕೆಡವಲಾಯಿತು. ಕೇರಿ ಹೋಯಿತೆಂದು ಹಲವರು ನೆಮ್ಮದಿಯ ಉಸಿರುಬಿಟ್ಟರು. ಅದರೊಳಗಿದ್ದ ಹೆಂಗಸರು ಎಲ್ಲಿಗೆ ಹೋಗಬೇಕೆಂಬುದನ್ನು ಯೋಚಿಸಿದವರು ಕೆಲವರೇ. 1997ರಿಂದ ಇಲ್ಲಿ ದುಡಿದ ‘ಅನ್ಯಾಯ ರಹಿತ ಜಿಂದಗಿ’ ಎಂಬ ಸಂಸ್ಥೆಯವರು ಆ ಕೆಲವರಲ್ಲಿ ಸೇರಿದವರು. ಇಂಥ ಮಹಿಳೆಯರಿಗೆ ಮರ್ಯಾದೆಯ ದುಡಿಮೆ ದೊರೆಯಲೆಂದು ಅವರು 2006ರಲ್ಲಿ ಯಂತ್ರಗಳಿಂದ ಬಟ್ಟೆ ಒಗೆಯುವ ಉದ್ಯಮವೊಂದನ್ನು ಆರಂಭಿಸಿದರು. ಇದು ಚರ್ಚಿನ ಸಂಸ್ಥೆಯಲ್ಲ. ಆ ಮಾತನ್ನು ಹೇಳಿಬಿಡುವುದು ನಮ್ಮಂಥವರಿಗೆ ಒಳ್ಳೆಯದು.

2015ರಲ್ಲಿ ಮತ್ತೊಮ್ಮೆ ಯಂತ್ರಗಳು ಬಂದವು. ಈ ಸಲ ಉರುಳಿದ್ದು ಕಡಲಂಚಿನ ಸಂಸಾರಸ್ಥರ ಮನೆಗಳು. ಕನ್ನಡದ ಕೂಲಿಕಾರರು ವರ್ಷಗಳಿಂದ ವಾಸವಾಗಿದ್ದ ಮನೆಗಳು. ಕಡಲಂಚಿನಲ್ಲಿ ಕಟ್ಟಬಾರದೆಂಬ ಕಾನೂನಿನಲ್ಲಿ ತಪ್ಪಿದೆಯೆಂದು ನಾವು ಹೇಳಲಾರೆವು. ಆದರೆ ಅದೇ ಕೈಗಳು ಕಟ್ಟಿದ ಎತ್ತರದ ಕಟ್ಟಡಗಳ ನೆರಳಿನಲ್ಲಿಯೇ ಅವರು ಪಾತ್ರೆಪಡಗಗಳನ್ನು ಬೀದಿಯಲ್ಲಿಟ್ಟುಕೊಂಡು ಕುಳಿತರೆಂಬುದೂ ಸುಳ್ಳಲ್ಲ.

ಇಂಥ ಊರಿನಲ್ಲಿ ‘ಕೃಪೆ’ ಎಂಬ ಮಾತಿಗೆ ಏನರ್ಥ? ನಾವು ಚರ್ಚುಗಳಲ್ಲಿ ಬಹು ಸುಲಭವಾಗಿ ಬಳಸುವ ಪದವಿದು. ಬಾಯ್ನಾದಲ್ಲಿ ಕಾಂದೆಲಾರಿಯ ಮಾತೆಯ ಹೆಸರಿನ ಇಗರ್ಜಿಯಿದೆ. ಮೇಣದ ಬತ್ತಿಗಳನ್ನು ಆಶೀರ್ವದಿಸುವ ಫೆಬ್ರವರಿ ಎರಡರ ಹಬ್ಬಕ್ಕೆ ಸಂಬಂಧಿಸಿದ ಹೆಸರದು. ಮುದುಕ ಸಿಮೆಯೋನನು ಜೀವಮಾನವೆಲ್ಲ ಕಾದು, ಕಡೆಗಾಲದಲ್ಲಿ ಶಿಶುವನ್ನು ತೋಳಿನಲ್ಲೆತ್ತಿಕೊಂಡ ದಿನ. ಅಲ್ಲಿ ಕೊಂಕಣಿಯಲ್ಲಿ ಪ್ರಾರ್ಥಿಸುವವರು ಕೃಪೆಯನ್ನು ‘ಕುರ್ಪಾ’ ಎನ್ನುತ್ತಾರೆ. ನಮ್ಮ ಕನ್ನಡ ಕ್ರೈಸ್ತರು ಇಲ್ಲಿ ನಾನಾ ಸಭೆಗಳಿಗೆ ಸೇರಿದವರು. ಕೆಲವರ ಹಿರಿಯರು ಧಾರವಾಡ, ಬೆಟಗೇರಿಗಳ ಬಾಸೆಲ್ ಮಿಶನ್ನಿನ ಕಾಲದಿಂದ ವಿಶ್ವಾಸಿಗಳು. ಕೆಲವರು ಗೋವೆಗೆ ಬಂದ ಮೇಲೆ ನಂಬಿದವರು. ಒಬ್ಬ ಪರಿಚಿತರ ಮೂಲಕ, ಇವರ ಯುವಜನರು ಭಾನುವಾರ ಸಂಜೆ ಸೇರುವ ಕೂಟಕ್ಕೆ ನಮಗೆ ಆಹ್ವಾನ ಬಂದಿತ್ತು.

ಅದರ ಹಿಂದಿನ ದಿನ ಬೆಳಿಗ್ಗೆ ನಾಕಾದಲ್ಲಿ ನಿಂತು ನೋಡಿದೆವು. ನಾಕಾ ಎಂದರೆ ಕೂಲಿಕಾರರು ಕೆಲಸಕ್ಕಾಗಿ ಕಾಯುವ ಕೂಡುದಾರಿ. ಗೋವೆಯ ಪಟ್ಟಣಗಳಲ್ಲೆಲ್ಲ ಇಂಥವಿವೆ. ನಿಂತವರ ಮಾತು ಹೆಚ್ಚಾಗಿ ಕನ್ನಡವೇ. ಏಳು ಗಂಟೆಯ ಹೊತ್ತಿಗೆ ಗಂಡಸರು ಒಂದು ಕಡೆ, ಬುತ್ತಿಯ ಗಂಟು ಹಿಡಿದ ಹೆಂಗಸರು ಇನ್ನೊಂದು ಕಡೆ. ಗುತ್ತಿಗೆದಾರನ ಗಾಡಿ ಬಂದೊಡನೆ ಎಲ್ಲರೂ ಮುಂದಕ್ಕೆ ನುಗ್ಗುತ್ತಾರೆ. ಅವನು ತೋಳಿನ ಕಸುವನ್ನು ಕಣ್ಣಳತೆಯಲ್ಲಿಯೇ ತೂಗಿ ನಾಲ್ವರನ್ನು ಕರೆಯುತ್ತಾನೆ. ಮೊದಲು ಹೋಗುವವರು ಎಳೆಯ ಪ್ರಾಯದವರು. ಬಳಿಕ ಗೌಂಡಿ ಕೆಲಸ ಬಲ್ಲವರು. ಒಂಬತ್ತಾಗುವಷ್ಟರಲ್ಲಿ ಉಳಿದವರು ನರೆತವರು, ಕೆಮ್ಮುವವರು, ಬಗಲಲ್ಲಿ ಕೂಸಿದ್ದವರು. ಹನ್ನೊಂದು ಗಂಟೆಗೂ ಒಬ್ಬ ಮುದುಕ ಪೇಂಟಿನ ಖಾಲಿ ಡಬ್ಬಿಯ ಮೇಲೆ ಕುಳಿತೇ ಇದ್ದ. ಇನ್ನು ಯಾರಾದರೂ ಬರುವರೇ ಎಂದು ಕೇಳಿದೆವು.

“ಇಷ್ಟೊತ್ತಿನ ಮ್ಯಾಲ ಯಾರೂ ಕರಿಯಂಗಿಲ್ರಿ. ಆದ್ರ ಈಗ ಮನಿಗೆ ಹೋಗಿ ಏನಂತ ಹೇಳ್ಲಿ?” ಎಂದ.

ಭಾನುವಾರ ಮಧ್ಯಾಹ್ನ ಬಿಡುವಿತ್ತಾದುದರಿಂದ ಅನತಿದೂರದ ಸಾಂಕ್ವಾಳಕ್ಕೆ ಹೋಗಿಬಂದೆವು. ಸಂತ ಜೋಸೆಫ್ ವಾಜರ ತಂದೆಯ ಊರು ಅದು. ನಮ್ಮ ಓದುಗರಲ್ಲಿ ಮುಡಿಪು ಗುಡ್ಡದ ಪುಣ್ಯಕ್ಷೇತ್ರಕ್ಕೆ ಹೋಗದವರು ವಿರಳ. ಆ ಕ್ಷೇತ್ರ ಇವರದೇ ಹೆಸರಿನದು. 1651ರಲ್ಲಿ ಬಾಣಾವಲಿಯಲ್ಲಿ ಹುಟ್ಟಿದ ಈ ಗೋವೆಯ ಗುರುಗಳು 1681ರಲ್ಲಿ ಕನ್ನಡ ಜಿಲ್ಲೆಗೆ ಬಂದು ಮಂಗಳೂರು, ಬಸ್ರೂರು, ಗಂಗೊಳ್ಳಿಗಳಲ್ಲಿ ಸೇವೆಮಾಡಿದರು. ಗೋವೆಯಿಂದ ವಲಸೆ ಬಂದು ಬಿದನೂರಿನ ನಾಯಕರ ಸೀಮೆಯಲ್ಲಿ ನೆಲೆಸಿದ್ದ ಕ್ರೈಸ್ತರಿಗಾಗಿ ಬಂದವರು ಅವರು. ಅಂದು ಗೋವೆಯವರು ಕನ್ನಡನಾಡಿನಲ್ಲಿ ಪರಕೀಯರು. ಆದರೂ ಅವರಿಗೆ ನೆಲ ಸಿಕ್ಕಿತು, ಗದ್ದೆ ಸಿಕ್ಕಿತು. ಇಂದಿನ ನಮ್ಮ ಎಷ್ಟೋ ಮನೆತನಗಳ ಬೇರು ಅಲ್ಲಿದೆ. ಮುಂದೆ ವಾಜರು ಡಚ್ಚರ ಕಣ್ಣು ತಪ್ಪಿಸಿ ಸಿಂಹಳಕ್ಕೆ ಹೋದದ್ದು ಕೂಲಿಯಾಳಿನ ವೇಷದಲ್ಲಿ. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸರು ಕೊಲಂಬೊದಲ್ಲಿ ಅವರನ್ನು ಸಂತರೆಂದು ಸಾರಿದರು. ಬಾಯ್ನಾದ ಕೂಲಿಕಾರರ ಮನೆಗಳು ಬಿದ್ದದ್ದೂ ಅದೇ ವರ್ಷವೆಂಬುದು ಅಲ್ಲಿ ನಿಂತಾಗ ನಮ್ಮ ಮನಸ್ಸನ್ನು ಚುಚ್ಚಿತು.

ಸಂಜೆಯ ಕೂಟ ಸೇರಿದ್ದು ಒಂದು ಬಾಡಿಗೆ ಮನೆಯ ಮೇಲಿನ ತಗಡಿನ ಮಾಡಿನಡಿಯಲ್ಲಿ. ಹದಿನೆಂಟೋ ಇಪ್ಪತ್ತೋ ಮಂದಿ. ಗೌಂಡಿಯ ಕೈಯಾಳುಗಳು, ಅಂಗಡಿಯಲ್ಲಿ ನಿಲ್ಲುವವರು, ದಾದಿಯ ಶಿಕ್ಷಣ ಪಡೆಯುತ್ತಿರುವ ಒಬ್ಬ ಹುಡುಗಿ. ಕೆಲವರಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬಾರದು. ಅವರು ಕನ್ನಡದ ಗೀತೆಗಳನ್ನು ರೋಮನ್ ಲಿಪಿಯಲ್ಲಿ ಬರೆದುಕೊಂಡು ಹಾಡಿದರು. ಸ್ವರವೇನೋ ತಪ್ಪಲಿಲ್ಲ. ಅಂದಿನ ಪಾಠ ಮತ್ತಾಯನ ಸುವಾರ್ತೆಯ ಇಪ್ಪತ್ತನೆಯ ಅಧ್ಯಾಯದ ಸಾಮ್ಯ. ದ್ರಾಕ್ಷಿತೋಟದ ಯಜಮಾನನು ನಸುಕಿನಲ್ಲಿ, ಬಳಿಕ ಹೊತ್ತೇರಿದ ಮೇಲೆ, ಮಧ್ಯಾಹ್ನ, ಇಳಿಹೊತ್ತಿನಲ್ಲಿ, ಕಡೆಗೆ ಇನ್ನೊಂದು ತಾಸು ಉಳಿದಿರುವಾಗಲೂ ಪೇಟೆಗೆ ಹೋಗಿ ಆಳುಗಳನ್ನು ಕರೆಯುತ್ತಾನೆ. ಸಂಜೆ ಎಲ್ಲರಿಗೂ ಒಂದೇ ಕೂಲಿ, ಪೂರ್ತಿ ದಿನದ ಒಂದು ದೆನಾರಿ. ಈ ಸಾಮ್ಯದ ಮೇಲೆ ನಾವು ಕೇಳಿದ ಪ್ರಸಂಗಗಳು ಅನೇಕ. ಅವುಗಳನ್ನು ಮಾಡಿದವರು ಯಾರೂ ನಾಕಾದಲ್ಲಿ ನಿಂತವರಲ್ಲ, ಕೇಳಿದ ನಾವೂ ನಿಂತವರಲ್ಲ. ಇಲ್ಲಿಯ ಚರ್ಚೆಯ ಬಗೆಯೇ ಬೇರೆಯಾಯಿತು.

“ಮುಂಜಾನಿಯಿಂದ ಸಿಮೆಂಟ್ ಬುಟ್ಟಿ ಹೊತ್ತವಗೂ ಅಷ್ಟ, ಸಂಜಿ ಐದಕ್ಕ ಬಂದವಗೂ ಅಷ್ಟ ಅಂದ್ರ, ನಾಳೆ ಮುಂಜಾನೆ ಯಾರು ಬರ್ತಾರ್ರಿ?” ಎಂದು ಗೌಂಡಿ ಕೆಲಸದ ಒಬ್ಬ ತರುಣ ಮೊದಲೇ ಎತ್ತಿದ. ಹೌದೆಂದು ಹಲವರು ತಲೆಯಾಡಿಸಿದರು. ದಾದಿಯಾಗಲಿರುವ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮಪ್ಪ ಅರ್ಧ ದಿನದ ಕೂಲಿ ತಂದ ದಿನ ನಮಗ ಹಸಿವು ಅರ್ಧ ಆಗ್ತಿದ್ದಿಲ್ಲಣ್ಣ” ಎಂದಳು.

ಯಾರೂ ಮಾತಾಡಲಿಲ್ಲ. ಯಜಮಾನನು ತಾಸುಗಳನ್ನು ಎಣಿಸದೆ ಮನೆಯಲ್ಲಿ ಕಾಯುವ ಬಾಯಿಗಳನ್ನು ಎಣಿಸಿದನೆಂಬ ಈ ಅರ್ಥವನ್ನು ಯಾವ ವ್ಯಾಖ್ಯಾನಗ್ರಂಥ ಹೇಳಿದೆಯೋ ಬಿಟ್ಟಿದೆಯೋ, ಅಂದು ಆ ಹುಡುಗಿಯ ಬಾಯಿಂದ ಬಂದಾಗ ಅದು ಪಾಂಡಿತ್ಯದ ಮಾತಾಗಿರಲಿಲ್ಲ. ಆಕೆಯ ತಂದೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಸದ್ದು ಅದರಲ್ಲಿತ್ತು.

ಈ ಚರ್ಚೆ ಅವರಿಗೆ ಬರಿಯ ಪಾಠವೂ ಆಗಿರಲಿಲ್ಲ. ಅದರ ಹಿನ್ನೆಲೆಯನ್ನು ಅವರೇ ನಮಗೆ ಬಳಿಕ ತಿಳಿಸಿದರು. ಹಿಂದಿನ ಮಳೆಗಾಲದಿಂದ ಒಬ್ಬ ವಯಸ್ಸಾದ ಹೆಂಗಸು ಕೂಟಕ್ಕೆ ಬರತೊಡಗಿದ್ದರು. ಕೆಡವಲ್ಪಟ್ಟ ಆ ಹಳೆಯ ಕೇರಿಯಲ್ಲಿ ಎಳೆಯ ಪ್ರಾಯದಿಂದ ಬದುಕು ಸವೆಸಿದವರು. ಈಗ ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಾರೆ. ಅವರು ಬಂದು ಚಾಪೆಯ ತುದಿಯಲ್ಲಿ ಕುಳಿತದ್ದೇ ಕೆಲವು ಮನೆಗಳಲ್ಲಿ ಮಾತಿಗೆ ಕಾರಣವಾಯಿತು. ಹೆಣ್ಣುಮಕ್ಕಳು ಕೂರುವ ಜಾಗವಿದು, ಆಕೆ ಬೇಕಾದರೆ ದೊಡ್ಡವರ ಆರಾಧನೆಗೆ ಹೋಗಲಿ ಎಂದರು ಹಿರಿಯರು.

ಆ ಹಿರಿಯರನ್ನು ಕಲ್ಲೆದೆಯವರೆಂದು ತೀರ್ಮಾನಿಸಲು ನಮಗೆ ಮನಸ್ಸಿಲ್ಲ. ಬಾಯ್ನಾದಲ್ಲಿ ಹೆಣ್ಣುಮಕ್ಕಳನ್ನು ಬೆಳೆಸುವುದೆಂದರೇನೆಂಬುದನ್ನು ಅವರಿಂದಲೇ ಕೇಳಬೇಕು. ಕೆಲಸದ ಅರ್ಜಿಯಲ್ಲಿ ಬಾಯ್ನಾ ಎಂದು ಬರೆದರೆ ಎದುರಿಗಿದ್ದವನು ತಲೆಯೆತ್ತಿ ಒಂದು ಬಗೆಯಾಗಿ ನೋಡುತ್ತಿದ್ದ ಕಾಲವನ್ನು ಅವರು ದಾಟಿಬಂದಿದ್ದಾರೆ. ವಾಸ್ಕೋ ಎಂದಷ್ಟೇ ಬರೆಯಲು ಮಕ್ಕಳಿಗೆ ಕಲಿಸಿದ್ದಾರೆ. ಆ ಕೇರಿಗೂ ತಮಗೂ ನಡುವೆ ಒಂದು ಗೋಡೆಯನ್ನು ಇಟ್ಟಿಗೆಯ ಮೇಲೆ ಇಟ್ಟಿಗೆಯಿಟ್ಟು ಕಟ್ಟಿಕೊಂಡದ್ದೇ ಅವರ ಜೀವಮಾನದ ದುಡಿಮೆ. ದಿನವಿಡೀ ಬಿಸಿಲಿನಲ್ಲಿ ದುಡಿದು ಕಡೆಗೆ ಗೊಣಗಿದ ಆಳುಗಳ ಮಾತಿನಲ್ಲಿಯೂ ಇಂಥದೊಂದು ನೋವಿದೆ.

ಹಿರಿಯರೆದುರು ನಿಂತು ಉತ್ತರ ಕೊಟ್ಟವನು, ಕೂಲಿಯ ಲೆಕ್ಕ ಎತ್ತಿದ ಅದೇ ಗೌಂಡಿ ತರುಣನಂತೆ. ಸಾಮ್ಯದಲ್ಲಿ ಯಜಮಾನನು ಇಷ್ಟು ಹೊತ್ತು ಏಕೆ ಸುಮ್ಮನೆ ನಿಂತಿರಿ ಎಂದು ಕೇಳಿದಾಗ, ನಮ್ಮನ್ನು ಯಾರೂ ಕರೆಯಲಿಲ್ಲವೆಂದು ಆಳುಗಳು ಹೇಳುತ್ತಾರಷ್ಟೆ. ಅದನ್ನು ನೆನಪಿಸಿ ಅವನೆಂದನಂತೆ: “ಆ ಅವ್ವಗ ಕರದವ್ರೆಲ್ಲಾ ಬ್ಯಾರೇದಕ್ಕ ಕರದ್ರು. ಇದಕ್ಕ ಯಾರೂ ಕರದಿದ್ದಿಲ್ಲ. ಈಗ ಬಂದಾರ. ನಾವು ತಾಸಿನ ಲೆಕ್ಕ ಕೇಳೂದು ಬ್ಯಾಡ.”

ಎರಡು ಮನೆಯವರು ಮಕ್ಕಳನ್ನು ಕಳುಹಿಸುವುದನ್ನು ನಿಲ್ಲಿಸಿದರು. ಒಂದು ಮನೆಯವರು ಕ್ರಿಸ್ಮಸ್ಸಿನ ಹೊತ್ತಿಗೆ ಮರಳಿದರು. ಇನ್ನೊಂದು ಮನೆಯವರು ಬರಲಿಲ್ಲ. ಅವರ ಮಗಳು ಈ ತರುಣರನ್ನು ಕಂಡರೆ ಮುಖ ತಿರುಗಿಸಿಕೊಂಡು ಹೋಗುತ್ತಾಳಂತೆ. ಕೃಪೆಗೆ ಬೆಲೆಯಿಲ್ಲವೆಂದು ನಾವು ಬಾಲ್ಯದಿಂದ ಕಲಿತಿದ್ದೇವೆ. ಪಡೆಯುವವನಿಗೆ ಬೆಲೆಯಿಲ್ಲದಿರಬಹುದು, ಆ ಯಜಮಾನನ ಪಕ್ಕದಲ್ಲಿ ನಿಲ್ಲಬಯಸುವವರು ಮಾತ್ರ ಬೆಲೆ ತೆರಬೇಕಾಗುತ್ತದೆ. ಈ ತರುಣರು ಒಬ್ಬ ಗೆಳತಿಯನ್ನು ತೆತ್ತಿದ್ದಾರೆ.

ಆ ಹೆಂಗಸು ಅಂದೂ ಬಂದಿದ್ದರು. ಚಾಪೆಯ ತುದಿಯಲ್ಲಿಯೇ ಕುಳಿತು, ಹಾಡು ಬಾರದಿದ್ದರೂ ತುಟಿಯಾಡಿಸುತ್ತಿದ್ದರು. ಚಹ ಕುಡಿಯುವಾಗ ನಾವು ಕಾಸರಗೋಡಿನವರೆಂದು ಪರಿಚಯ ಹೇಳಿದೆವು. “ಅಲ್ಲೆ ಜ್ವಾಳ ಸಿಗತೈತೇನ್ರಿ?” ಎಂದು ಕೇಳಿದರು. ಅಪರೂಪವೆಂದೆವು. “ಮತ್ತ ಹ್ಯಾಂಗ ಇರ್ತೀರಿ?” ಎಂದು ನಮ್ಮ ಬಗ್ಗೆ ನಿಜವಾಗಿ ಮರುಗಿದರು.

ಹೊರಡುವಾಗ ಮೆಟ್ಟಿಲ ಬಳಿ ಮೊಳೆಗೆ ತೂಗುಹಾಕಿದ್ದ ಒಂದು ಹಾಲಿನಪುಡಿಯ ಡಬ್ಬಿ ಕಂಡಿತು. ನಾಕಾದಿಂದ ಕೆಲಸವಿಲ್ಲದೆ ಮರಳಿದವರಿಗೆಂದು ಯುವಜನರು ಇಟ್ಟದ್ದು. ದುಡಿದ ದಿನ ಹಾಕುವುದು, ದುಡಿಯದ ದಿನ ತೆಗೆಯುವುದು. ಹಾಕಿದವರ ಹೆಸರೂ ಇಲ್ಲ, ತೆಗೆದವರ ಹೆಸರೂ ಇಲ್ಲ, ಲೆಕ್ಕದ ಪುಸ್ತಕವೂ ಇಲ್ಲ. ಸಂಘಸಂಸ್ಥೆಗಳ ಲೆಕ್ಕಪತ್ರ ನೋಡಿ ಅಭ್ಯಾಸವಾದ ನಮಗೆ ಇದು ಸರಿಕಾಣಲಿಲ್ಲ. ಯಾರಾದರೂ ದಿನವೂ ತೆಗೆದರೇನು ಮಾಡುವಿರೆಂದು ಕೇಳಿಯೇಬಿಟ್ಟೆವು. ಆ ಗೌಂಡಿ ತರುಣ ಡಬ್ಬಿಯನ್ನು ಅಲುಗಿಸಿ ನೋಡಿದ. ಒಳಗೆ ಒಂದೆರಡು ನಾಣ್ಯಗಳ ಸದ್ದಾಯಿತು.

“ಒಬ್ರು ತಗೀತಾರ್ರಿ, ನಮಗೂ ಗೊತ್ತೈತಿ. ಅವ್ರಿಗೆ ದಿನಾ ಕೆಲಸ ಸಿಗೂದಿಲ್ಲ” ಎಂದು ಹೇಳಿ, ಕೆಳಗಿನ ದೀಪ ಹಚ್ಚಲು ಮೆಟ್ಟಿಲಿಳಿದು ಹೋದ.