ಅಪ್ಪನ ಕೆಂಪು ಶಾಯಿ

ಮೂವತ್ತು ವರ್ಷ ಬ್ಯಾಂಕಿನಲ್ಲಿ ದುಡಿದು, ಅದರಲ್ಲಿ ಅರ್ಧಕ್ಕರ್ಧ ಕಾಲ ಊರೂರು ಸುತ್ತಿ ಇನ್‌ಸ್ಪೆಕ್ಷನ್ ರಿಪೋರ್ಟು ಬರೆದವನು ನಾನು. ಹೀಗಾಗಿ, ಬರೆಯುವುದೆಂದರೆ ನನಗೆ ಗೊತ್ತಿರುವ ವಿದ್ಯೆ ಎಂಬ ಸಣ್ಣದೊಂದು ಅಹಂಕಾರ ನನ್ನೊಳಗೆ ಬೆಳೆದಿತ್ತು. ಅದು ಮುರಿದದ್ದು ಕಾಕ್ಕನಾಡ್‌ನ ನಮ್ಮ ಮನೆಯ ಊಟದ ಮೇಜಿನ ಮೇಲೆ. ಮುರಿದದ್ದು ನನ್ನ ಅಹಂಕಾರವಾದರೂ ದಂಡ ತೆತ್ತವಳು ನನ್ನ ಮಗಳು. ಅದನ್ನೇ ಇಲ್ಲಿ ಹೇಳಿಕೊಳ್ಳಬೇಕೆಂದಿದ್ದೇನೆ. ಕಾಲೇಜಿಗೆ ಹೋಗುವ ಮಕ್ಕಳಿರುವ ಇತರ ಕನ್ನಡಿಗರ ಮನೆಗಳಿಗೂ ಇದರಿಂದ ಉಪಯೋಗವಾದೀತು.

ಮಗಳು ಇಲ್ಲಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದಳು. ಕೊನೆಯ ವರ್ಷ ಒಂದು ಪ್ರಾಜೆಕ್ಟ್ ಬರೆದು ಒಪ್ಪಿಸಬೇಕು. ಇನ್ಫೋಪಾರ್ಕಿನ ಹತ್ತಿರ ಹರಿಯುವ ಕಡಂಬ್ರಯಾರ್ ಹೊಳೆಯನ್ನು ನೀವೆಲ್ಲ ನೋಡಿರುತ್ತೀರಿ. ಮಳೆಗಾಲ ಕಳೆದರೆ ಸಾಕು, ನೀರೇ ಕಾಣದಂತೆ ಅಂತರಗಂಗೆಯಂಥ ಕಳೆ ಹಬ್ಬಿ ನೇರಳೆ ಹೂ ಬಿಟ್ಟಿರುತ್ತದೆ. ಆ ಕಳೆಯ ಕೆಳಗಿನ ನೀರಿನಲ್ಲಿ ಆಮ್ಲಜನಕ ಎಷ್ಟಿದೆ, ಕಳೆಯಿಲ್ಲದ ಕಡೆ ಎಷ್ಟಿದೆ ಎಂಬುದು ಅವಳ ವಿಷಯ. ನಾಲ್ಕು ಕಡೆ ಬಾಟಲಿಯಲ್ಲಿ ನೀರು ಹಿಡಿದು, ದಡದಲ್ಲೇ ಅದಕ್ಕೆ ಎರಡು ರಾಸಾಯನಿಕಗಳನ್ನು ಹಾಕಿ, ಆಮೇಲೆ ಪ್ರಯೋಗಶಾಲೆಯಲ್ಲಿ ಗಂಜಿಯ ನೀಲಿ ಬಣ್ಣ ಮಾಯವಾಗುವವರೆಗೆ ಹನಿಹನಿಯಾಗಿ ಥಯೋಸಲ್ಫೇಟು ಬಿಡುತ್ತಿದ್ದಳು. ವಿಂಕ್ಲರ್ ಎಂಬುವನು ಹತ್ತೊಂಬತ್ತನೆಯ ಶತಮಾನದಲ್ಲಿ ಹೇಳಿಕೊಟ್ಟ ಕ್ರಮವಂತೆ.

ರಾತ್ರಿ ಊಟಕ್ಕೆ ಕುಳಿತಾಗ ಇದನ್ನೆಲ್ಲ ನನ್ನ ತಾಯಿಗೆ ವಿವರಿಸುವುದು ಅವಳ ಅಭ್ಯಾಸ. ಅಜ್ಜಿಗೆ ಇಂಗ್ಲಿಷೂ ಬಾರದು, ಮಲಯಾಳವೂ ಬಾರದು. ಆದ್ದರಿಂದ ಎಲ್ಲವೂ ಕನ್ನಡದಲ್ಲೇ ಆಗಬೇಕು.

“ಅಂದ್ರೆ ನೀರಿಗೂ ಉಸಿರು ಕಟ್ಟುತ್ತೆ ಅನ್ನು,” ಎಂದರು ಅಮ್ಮ. “ಅಲ್ಲ ಕಣೇ ಮಗೂ, ನಾಲ್ಕು ಕಡೆಯದನ್ನೂ ಒಂದೇ ಹೊತ್ತಿಗೆ ಹಿಡಿದ್ಯಾ? ನಮ್ಮೂರ ಕೆರೆ ನೀರು ಬೆಳಗಿನ ಜಾವ ಇದ್ದ ಹಾಗೆ ಮಧ್ಯಾಹ್ನ ಇರ್ತಿರ್ಲಿಲ್ಲ.”

ಮಗಳು ಒಂದು ನಿಮಿಷ ಸುಮ್ಮನಾದಳು. “ಇಲ್ಲ ಅಜ್ಜಿ. ಎರಡು ಕಡೆ ಬೆಳಗ್ಗೆ ಏಳಕ್ಕೆ, ಇನ್ನೆರಡು ಕಡೆ ಹನ್ನೆರಡು ದಾಟಿತ್ತು.”

ಜಲಸಸ್ಯಗಳು ಬಿಸಿಲಿನಲ್ಲಿ ಆಮ್ಲಜನಕ ಬಿಡುತ್ತವೆ, ರಾತ್ರಿ ಬಿಡುವುದಿಲ್ಲ. ಹೀಗಾಗಿ ಬೆಳಗಿನ ಜಾವ ನೀರಿನಲ್ಲಿ ಅದು ಕಡಿಮೆ, ಮಧ್ಯಾಹ್ನದ ಮೇಲೆ ಹೆಚ್ಚು. ಮಗಳು ಅದನ್ನು ಓದಿದ್ದಳು, ಆದರೆ ತನ್ನ ಬಾಟಲಿಗಳ ವಿಷಯದಲ್ಲಿ ಯೋಚಿಸಿರಲಿಲ್ಲ. ಅಂದೇ ರಾತ್ರಿ ಕುಳಿತು, ಯಾವ ನೀರನ್ನು ಯಾವ ಹೊತ್ತಿನಲ್ಲಿ ತೆಗೆದದ್ದು ಎಂದು ಒಂದು ಪ್ಯಾರಾ ಸೇರಿಸಿದಳು. ಕೊನೆಯಲ್ಲಿ, ಆಮ್ಲಜನಕ ಕಡಿಮೆಯಾಗಿರುವುದು ಕಳೆಯಿಂದ ಇರಬಹುದು, ಆದರೆ ಅಲ್ಲೇ ಒಂದು ಚರಂಡಿಯೂ ಸೇರುವುದರಿಂದ ಖಚಿತವಾಗಿ ಹೇಳಲಾಗದು ಎಂದು ಬರೆದಿದ್ದಳು.

ಆಮೇಲೆ ಪ್ರತಿ ನನ್ನ ಕೈಗೆ ಬಂತು. “ಅಪ್ಪ, ಇಂಗ್ಲಿಷ್ ಒಂದು ಸಲ ನೋಡಿ ಕೊಡ್ತೀರಾ?” ಎಂದಳು. ಅವಳು ಕೇಳಿದ್ದು ಅಷ್ಟೇ. ನಾನು ಕೆಂಪು ಶಾಯಿಯ ಪೆನ್ನು ಹಿಡಿದೆ. ಬ್ಯಾಂಕಿನ ರಿಪೋರ್ಟಿನಲ್ಲಿ ‘ಇರಬಹುದು’ ಎಂದು ಬರೆದರೆ ಮೇಲಿನವರು ಸುಮ್ಮನಿರುತ್ತಿರಲಿಲ್ಲ. ಲೆಕ್ಕ ತಪ್ಪಿದೆಯೋ ಇಲ್ಲವೋ, ಎರಡರಲ್ಲೊಂದು ಹೇಳು ಎನ್ನುತ್ತಿದ್ದರು. ಆ ಪಾಠ ನನ್ನ ರಕ್ತದಲ್ಲೇ ಸೇರಿಹೋಗಿತ್ತು. ‘ಕಳೆಯಿಂದ ಇರಬಹುದು’ ಎಂಬುದನ್ನು ‘ಕಳೆಯೇ ಕಾರಣ’ ಎಂದು ತಿದ್ದಿದೆ. ಚರಂಡಿಯ ಮಾತು ವಾಕ್ಯದ ಬಿಗಿಯನ್ನು ಸಡಿಲಿಸುತ್ತದೆಂದು ಹೊಡೆದುಹಾಕಿದೆ. ಹೊತ್ತು ಗಳಿಗೆಯ ಪ್ಯಾರಾ ಅನಗತ್ಯ ವಿವರವೆಂದು ಅದನ್ನೂ ಅಡ್ಡಗೆರೆ ಎಳೆದು ತೆಗೆದೆ. ಓದಲು ಬಹಳ ಚೆನ್ನಾಗಿತ್ತು. ಒಪ್ಪಿಸುವ ದಿನ ಹತ್ತಿರ ಬಂದಿದ್ದರಿಂದ ಅವಳೂ ಅಪ್ಪನನ್ನು ನಂಬಿ ಹಾಗೆಯೇ ಟೈಪು ಮಾಡಿ ಕೊಟ್ಟಳು.

ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದವರು ಕೇಳಿದ ಮೊದಲ ಪ್ರಶ್ನೆ, ನೀರು ತೆಗೆದದ್ದು ಯಾವ ಹೊತ್ತಿನಲ್ಲಿ, ಅದೇಕೆ ಬರೆದಿಲ್ಲ ಎಂದು. ಎರಡನೆಯದು, ಕಳೆಯೇ ಕಾರಣವೆಂದು ಇಷ್ಟು ಖಂಡಿತವಾಗಿ ಹೇಗೆ ಹೇಳುತ್ತೀರಿ ಎಂದು. ಅಪ್ಪ ಬರೆದದ್ದು ಎಂದು ಹೇಳುವ ಹಾಗಿಲ್ಲ. ಅವಳು ಸುಮ್ಮನೆ ನಿಂತಳಂತೆ. ಅಂಕ ಕಡಿಮೆಯಾಯಿತು, ತಿದ್ದಿ ಮತ್ತೆ ಒಪ್ಪಿಸಬೇಕೆಂದೂ ಆಯಿತು.

ಎರಡು ದಿನ ಅವಳು ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ, “ಅದು ನನ್ನ ವಾಕ್ಯ ಅಲ್ಲ ಅಪ್ಪ. ಅದಕ್ಕೆ ಉತ್ತರ ನನ್ನ ಹತ್ತಿರ ಹೇಗಿರುತ್ತೆ?” ಎಂದಳು. ಬೈದಿದ್ದರೆ ಇಷ್ಟು ನಾಟುತ್ತಿರಲಿಲ್ಲ.

ಅವಳ ಕಾಲೇಜಿನಲ್ಲಿ ಬರವಣಿಗೆ ಕಲಿಸಲಿಲ್ಲವೆಂದಲ್ಲ. ಮೊದಲ ವರ್ಷ ವಿಜ್ಞಾನ, ವಾಣಿಜ್ಯ, ಇತಿಹಾಸದವರನ್ನೆಲ್ಲ ಒಂದೇ ಹಾಲಿನಲ್ಲಿ ಕೂರಿಸಿ, ಅರ್ಜಿ ಬರೆಯುವುದು, ಪ್ರಬಂಧ ಬರೆಯುವುದು ಹೇಳಿಕೊಟ್ಟಿದ್ದರು. ಆದರೆ ಪ್ರಾಣಿಶಾಸ್ತ್ರದಲ್ಲಿ ‘ಇರಬಹುದು’ ಎಂದು ಎಲ್ಲಿ ಬರೆಯಬೇಕು ಎಂಬುದನ್ನು ಆ ಹಾಲಿನಲ್ಲಿ ಯಾರು ಹೇಳಬೇಕು? ಎದುರು ಮನೆಯ ಹುಡುಗ ಕಾನೂನು ಓದುತ್ತಾನೆ. ಅವನು ಮೊದಲು ಸಂಗತಿ, ಆಮೇಲೆ ಪ್ರಶ್ನೆ, ಆಮೇಲೆ ಯಾವ ನ್ಯಾಯಾಲಯದ ಯಾವ ತೀರ್ಪು ಇಲ್ಲಿ ಸಲ್ಲುತ್ತದೆ ಎಂದು ಬರೆಯಬೇಕು. ಅವನ ಬರಹದಲ್ಲಿ ಹಿಂದಿನ ತೀರ್ಪೇ ಆಧಾರ, ನನ್ನ ಮಗಳದರಲ್ಲಿ ಬಾಟಲಿಯ ನೀರೇ ಆಧಾರ, ನನ್ನ ರಿಪೋರ್ಟಿನಲ್ಲಿ ಲೆಡ್ಜರೇ ಆಧಾರ. ಮೂವರೂ ಬರೆಯುವುದು ಇಂಗ್ಲಿಷೇ ಆದರೂ ಬರವಣಿಗೆ ಒಂದೇ ಅಲ್ಲ.

ಈ ಪ್ರಸಂಗದ ಮೇಲೆ ಕುತೂಹಲದಿಂದ ಒಂದಿಷ್ಟು ಓದಿದೆ. ಹಾರ್ವರ್ಡ್ ವಿಶ್ವವಿದ್ಯಾಲಯ 1885ರಲ್ಲೇ ಮೊದಲ ವರ್ಷದವರಿಗೆ ಬರವಣಿಗೆಯ ಪಾಠವನ್ನು ಕಡ್ಡಾಯ ಮಾಡಿತ್ತು. ಒಂದು ವರ್ಷ ಇಂಗ್ಲಿಷ್ ಮೇಷ್ಟರು ತಿದ್ದಿದರೆ ಮುಂದಿನದು ತಾನಾಗಿ ಬರುತ್ತದೆಂಬ ನಂಬಿಕೆ ಬಹುಕಾಲ ನಡೆಯಿತು. 1970ರ ಸುಮಾರಿಗೆ ಅಮೆರಿಕದ ಅಯೋವಾ ರಾಜ್ಯದ ಸೆಂಟ್ರಲ್ ಕಾಲೇಜಿನಲ್ಲಿ ಬಾರ್ಬರಾ ವಾಲ್ವೂರ್ಡ್ ಎಂಬ ಅಧ್ಯಾಪಕಿ ಬೇರೆ ಬೇರೆ ಶಾಸ್ತ್ರಗಳ ಅಧ್ಯಾಪಕರನ್ನು ಕೂಡಿಸಿ, ನಿಮ್ಮ ನಿಮ್ಮ ಪಾಠದಲ್ಲಿ ನೀವೇ ಬರವಣಿಗೆ ಕಲಿಸುವುದು ಹೇಗೆ ಎಂದು ಚರ್ಚೆ ನಡೆಸಿದರು. 1977ರಲ್ಲಿ ಜಾನೆಟ್ ಎಮಿಗ್ ಎಂಬವರು, ಬರೆಯುವುದು ಕಲಿತದ್ದನ್ನು ಒಪ್ಪಿಸುವ ಸಾಧನ ಮಾತ್ರವಲ್ಲ, ಕಲಿಯುವ ದಾರಿಯೇ ಹೌದು ಎಂದು ವಾದಿಸಿದರು. ಎಂ.ಐ.ಟಿ.ಯಲ್ಲಿ 2001ರಿಂದ ಸೇರಿದವರು ಪದವಿ ಪಡೆಯುವುದರೊಳಗೆ ಬರವಣಿಗೆ, ಭಾಷಣಗಳನ್ನು ಒಳಗೊಂಡ ನಾಲ್ಕು ವಿಷಯಗಳನ್ನು ಓದಬೇಕು. ಅವುಗಳಲ್ಲಿ ಎರಡು ತಮ್ಮ ಸ್ವಂತ ಶಾಸ್ತ್ರದಲ್ಲೇ ಇರಬೇಕು.

ಇದಕ್ಕೆ ಅಮೆರಿಕದವರೆಗೆ ಹೋಗಬೇಕಾಗಿಯೂ ಇಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲೇ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆಯನ್ನು ನಡೆಸಲು ನಿಂತವರು. ಅವರೇ ಪಂಪಭಾರತವನ್ನೂ ಸಂಪಾದಿಸಿದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಬಿ.ಜಿ.ಎಲ್. ಸ್ವಾಮಿಯವರು ಶಿಷ್ಯರೊಡನೆ ಕಾಡು ಸುತ್ತಿದ್ದನ್ನು ‘ಹಸುರು ಹೊನ್ನು’ ಮಾಡಿದರು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ತನ್ನ ಶಾಸ್ತ್ರ ಬಲ್ಲವನೇ ಅದರ ಬರವಣಿಗೆಯ ಗುರುವಾಗಬಲ್ಲ ಎಂಬುದಕ್ಕೆ ನಮ್ಮವರೇ ಸಾಕ್ಷಿ.

ಇದಕ್ಕೆ ದೊಡ್ಡ ಖರ್ಚೇನೂ ಬೇಡ. ಪಾಠ ಮುಗಿಯುವ ಮುನ್ನ ಐದು ನಿಮಿಷ, ಇವತ್ತು ಅರ್ಥವಾಗದೆ ಉಳಿದದ್ದೇನು ಎಂದು ಬರೆಸಬಹುದು. ಪ್ರಾಜೆಕ್ಟಿನ ಕರಡನ್ನು ಅಂಕ ಹಾಕುವುದಕ್ಕೆ ಒಂದು ತಿಂಗಳ ಮೊದಲೇ ನೋಡಬಹುದು. ನೋಡುವಾಗ ತಾವೇ ತಿದ್ದಿಬಿಡದೆ, ‘ಇದು ಹೇಗೆ ಗೊತ್ತು?’ ಎಂದು ಅಂಚಿನಲ್ಲಿ ಒಂದು ಪ್ರಶ್ನೆ ಹಾಕಿ ಹಿಂದಿರುಗಿಸಬಹುದು. ಆ ಪರೀಕ್ಷಕರು ಕೊನೆಯ ದಿನ ಕೇಳಿದ ಪ್ರಶ್ನೆಯನ್ನು ಯಾರಾದರೂ ಒಂದು ತಿಂಗಳು ಮೊದಲು ಕೇಳಿದ್ದರೆ, ಅಪ್ಪನ ವಾಕ್ಯ ಅಲ್ಲೇ ಸಿಕ್ಕಿಬೀಳುತ್ತಿತ್ತು. ಒಬ್ಬರಂತೂ ಅದನ್ನು ಕೇಳಿಯೇ ಇದ್ದರು. ಅದು ನನ್ನ ತಾಯಿ, ಅದೂ ಕನ್ನಡದಲ್ಲಿ.

ನಮ್ಮಲ್ಲಿ ಅನೇಕರಿಗೆ ಒಂದು ಭಯವಿದೆ. ಹೊರಗೆ ಮಲಯಾಳ, ಕಾಲೇಜಿನಲ್ಲಿ ಇಂಗ್ಲಿಷು, ಇವುಗಳ ನಡುವೆ ಮನೆಯಲ್ಲಿ ಕನ್ನಡವೂ ಸೇರಿದರೆ ಮಕ್ಕಳ ಓದಿಗೆ ಭಾರವಾದೀತು ಎಂದು. ನಾನು ಕಂಡದ್ದು ಬೇರೆ. ಅಜ್ಜಿಗೆ ಅರ್ಥವಾಗುವಂತೆ ಹೇಳಹೊರಟಾಗಲೇ ನನ್ನ ಮಗಳಿಗೆ ತನ್ನ ಕೆಲಸದ ಕುಂದು ಕಂಡದ್ದು. ಇಂಗ್ಲಿಷಿನಲ್ಲಿ ದೊಡ್ಡ ಪದದ ಹಿಂದೆ ಅಡಗಬಹುದು. ಅಜ್ಜಿಯ ಮುಂದೆ ಅಡಗಲು ಜಾಗವಿಲ್ಲ.

ಈಗಂತೂ ನಾನು ಮಾಡಿದ ಕೆಲಸವನ್ನು ಯಂತ್ರವೇ ಮಾಡಿಕೊಡುತ್ತದೆ. ಕೇಳಿದರೆ ಕ್ಷಣದಲ್ಲಿ ನುಣುಪಾದ ಇಂಗ್ಲಿಷಿನಲ್ಲಿ ಬರೆದುಕೊಡುತ್ತದೆ. ನನಗಿಂತ ಚೆನ್ನಾಗಿಯೇ ಬರೆದೀತು. ಆದರೆ ಪರೀಕ್ಷಕರ ಮುಂದೆ ನಿಲ್ಲುವವಳು ಮಗಳೇ. ನಕಲು ಹಿಡಿಯಲು 2018ರಿಂದ ವಿಶ್ವವಿದ್ಯಾಲಯ ಅನುದಾನ ಆಯೋಗದ ನಿಯಮವೇ ಇದೆ. ಸಂಶೋಧನಾ ಪ್ರಬಂಧದ ಹೋಲಿಕೆ ಶೇಕಡಾ 10 ದಾಟಿದರೆ ದಂಡನೆ ಉಂಟು. ಅಪ್ಪ ಬರೆದ ವಾಕ್ಯವನ್ನು ಹಿಡಿಯುವ ಲೆಕ್ಕ ಮಾತ್ರ ಅದರಲ್ಲಿಲ್ಲ.

ಮಗಳು ಪ್ರಾಜೆಕ್ಟನ್ನು ತಿದ್ದಿ ಮತ್ತೆ ಒಪ್ಪಿಸಿದಳು. ನಾಲ್ಕು ಕಡೆಯ ನೀರನ್ನೂ ಎರಡು ದಿನ ಒಂದೇ ಹೊತ್ತಿಗೆ ಹಿಡಿಯಲು, ಇಬ್ಬರು ಗೆಳತಿಯರ ಜೊತೆ ನಾನೂ ಬಾಟಲಿ ಹಿಡಿದು ಬೆಳಗ್ಗೆ ಏಳಕ್ಕೆ ಹೊಳೆಯ ದಡದಲ್ಲಿ ನಿಂತೆ. ‘ಇರಬಹುದು’ ತನ್ನ ಜಾಗಕ್ಕೆ ಹಿಂದಿರುಗಿತು. ಈ ಸಲ ನಾನು ಕೇಳಿದ್ದು ಮೂರೇ ಪ್ರಶ್ನೆ: ಏನು ಕಂಡೆ, ಹೇಗೆ ಗೊತ್ತಾಯಿತು, ಏನು ಇನ್ನೂ ಗೊತ್ತಿಲ್ಲ?

ನಮ್ಮ ಸಂಘದವರಲ್ಲಿ ಒಂದು ಸಲಹೆ. ತಿಂಗಳ ಕೂಟದಲ್ಲಿ ಹಾಡು, ಹಾಸ್ಯಗಳ ಜೊತೆಗೆ, ಕಾಲೇಜಿಗೆ ಹೋಗುವ ಮಗುವೊಂದಕ್ಕೆ ಹತ್ತು ನಿಮಿಷ ಕೊಡೋಣ. ತಾನು ಓದುತ್ತಿರುವುದನ್ನು ಕನ್ನಡದಲ್ಲಿ ಹೇಳಲಿ. ಮುಂದಿನ ಸಾಲಿನಲ್ಲಿ ಅಜ್ಜಿಯರು ಕುಳಿತು ಪ್ರಶ್ನೆ ಕೇಳಲಿ. ಅಪ್ಪಂದಿರೂ ಬರಬಹುದು. ಕೆಂಪು ಶಾಯಿಯ ಪೆನ್ನನ್ನು ಮಾತ್ರ ಮನೆಯಲ್ಲಿ ಬಿಟ್ಟು ಬರಬೇಕು.