ಬ್ರ್ಯಾಮ್ ಫಿಶರರ ಬೂದಿ

ದೊಡ್ಡವರ ಚರಿತ್ರೆ ಕೈಗೆ ಬಂದರೆ ನಾನು ಮೊದಲು ನೋಡುವುದು ಅವರ ಮನೆತನವನ್ನು. ಚಟವೆಂದರೂ ಸರಿಯೇ. ದಕ್ಷಿಣ ಆಫ್ರಿಕದ ವರ್ಣಭೇದವನ್ನು ಎದುರಿಸಿದವರಲ್ಲಿ ಮಂಡೇಲಾರ ಹೆಸರು ನಮ್ಮ ಮಕ್ಕಳಿಗೂ ಗೊತ್ತು. ಅವರ ವಕೀಲ ಬ್ರ್ಯಾಮ್ ಫಿಶರರ ಹೆಸರು ದೊಡ್ಡವರಿಗೂ ಅಷ್ಟಾಗಿ ತಿಳಿಯದು.

1908ರಲ್ಲಿ ಹುಟ್ಟಿದ ಇವರು ಬಿಳಿಯರು, ಅದರಲ್ಲೂ ವರ್ಣಭೇದವನ್ನು ಕಟ್ಟಿ ನಿಲ್ಲಿಸಿದ ಆಫ್ರಿಕಾನರ್ ಜನಾಂಗದವರು. ತಾತ ಆರೆಂಜ್ ನದಿಯ ವಸಾಹತಿಗೆ ಪ್ರಧಾನಿ. ತಂದೆ ಪ್ರಾಂತದ ಹಿರಿಯ ನ್ಯಾಯಾಧೀಶರು. ತಾವೋ ಆಕ್ಸ್‌ಫರ್ಡಿನಲ್ಲಿ ಓದಿಬಂದವರು. ಸುಮ್ಮನೆ ಕುಳಿತಿದ್ದರೂ ಪದವಿ ಬಾಗಿಲಿಗೆ ಬರುತ್ತಿತ್ತು. ಅವರು ಹೋಗಿ ಕಮ್ಯುನಿಸ್ಟರನ್ನು ಸೇರಿದರು. ಆ ಮತವನ್ನು ನಾನು ಒಪ್ಪುವವನಲ್ಲ. ಅದು ಬೇರೆ ಮಾತು.

1964ರ ಜೂನ್ 12ರಂದು ರಿವೋನಿಯಾ ಮೊಕದ್ದಮೆಯಲ್ಲಿ ಮಂಡೇಲಾರಿಗೂ ಸಂಗಡಿಗರಿಗೂ ನೇಣು ತಪ್ಪಿ ಜೀವಾವಧಿ ಸೆರೆಯಾಯಿತು. ಮರುದಿನ ಫಿಶರರು ನಡೆಸುತ್ತಿದ್ದ ಕಾರು ದಾರಿ ಬಿಟ್ಟು ನೀರಿಗಿಳಿಯಿತು. ಹೆಂಡತಿ ಮೋಲಿ ಮುಳುಗಿ ತೀರಿಕೊಂಡರು. ಆ ಬಳಿಕ ಕೆಲವೇ ದಿನಗಳಲ್ಲಿ ಅವರು ಮೇಲ್ಮನವಿಯ ವಿಚಾರ ಮಾತನಾಡಲು ರಾಬೆನ್ ದ್ವೀಪದ ಸೆರೆಮನೆಗೆ ಹೋದರು. ಮೋಲಿ ಹೇಗಿದ್ದಾರೆಂದು ಮಂಡೇಲಾ ಕೇಳಿದರು. ಫಿಶರರು ಥಟ್ಟನೆ ಎದ್ದು ಕೋಣೆಯಿಂದ ಹೊರಗೆ ಹೋದರು, ಮರಳಿ ಬಂದು ಮಾತು ಮುಂದುವರಿಸಿದರೂ ಅದಕ್ಕೆ ಉತ್ತರ ಕೊಡಲಿಲ್ಲ. ಅವರು ಹೊರಟುಹೋದ ಮೇಲೆ ಸಾವಿನ ಸುದ್ದಿಯನ್ನು ತಿಳಿಸಿದವನು ಜೈಲಿನ ಅಧಿಕಾರಿ. ಮಂಡೇಲಾರ ಆತ್ಮಕಥೆಯಲ್ಲಿ ಇಷ್ಟು ಓದಿದವನು ನಾನು ಆ ದಿನ ಮುಂದೆ ಓದಲಾರದೆ ಹೋದೆ. ಸಾವಿನ ಮನೆಗೆ ಹೋದವರು ಸಮಾಧಾನದ ಮಾತಿಗೆ ತಡಕಾಡುವುದುಂಟು. ಇಲ್ಲಿ ಹೆಂಡತಿಯನ್ನು ಕಳೆದುಕೊಂಡವರೇ ಕಕ್ಷಿಗಾರನ ಮನಸ್ಸಿಗೆ ನೋವಾದೀತೆಂದು ಬಾಯಿ ಕಟ್ಟಿಕೊಂಡರು!

ಅದೇ ವರ್ಷ ಅವರನ್ನೂ ಹಿಡಿದರು. ಜಾಮೀನಿನ ಮೇಲೆ ಒಂದು ಮೊಕದ್ದಮೆ ವಾದಿಸಲು ಲಂಡನ್ನಿಗೆ ಹೋದರು. ಅಲ್ಲೇ ಉಳಿದುಬಿಡಬಹುದಿತ್ತು, ಮಾತು ಕೊಟ್ಟಿದ್ದೇನೆಂದು ಹಿಂತಿರುಗಿದರು. 1965ರ ಜನವರಿಯಲ್ಲಿ ಮಾತ್ರ, ವಿಚಾರಣೆ ನಡೆಯುತ್ತಿರುವಾಗಲೇ, ಭೂಗತರಾದರು. ಆಗ ವಕೀಲರ ಸಂಘವೇ ಮುಂದಾಗಿ ಅವರ ಹೆಸರನ್ನು ಪಟ್ಟಿಯಿಂದ ಹೊಡೆಸಿತು. ನಮ್ಮ ಬಂಧುಗಳಲ್ಲಿ ವಕೀಲರಿದ್ದಾರೆ. ಆ ಕರಿ ಕೋಟು ಅವರಿಗೆ ಏನೆಂಬುದನ್ನು ಬಲ್ಲೆ. ಸೆರೆಗಿಂತ ಈ ಪೆಟ್ಟೇ ಹೆಚ್ಚು ನಾಟಿರಬೇಕು.

ನವೆಂಬರಿನಲ್ಲಿ ಸಿಕ್ಕಿಬಿದ್ದರು, 1966ರಲ್ಲಿ ಜೀವಾವಧಿ ಶಿಕ್ಷೆಯಾಯಿತು. 1971ರಲ್ಲಿ ಮಗ ತೀರಿಕೊಂಡಾಗ ಅಂತ್ಯಕ್ರಿಯೆಗೂ ಬಿಡಲಿಲ್ಲ. ಕ್ಯಾನ್ಸರ್ ಮೈಯೆಲ್ಲ ಹಬ್ಬಿದ ಮೇಲೆ ಬ್ಲೂಮ್‌ಫಾಂಟೀನಿನಲ್ಲಿದ್ದ ತಮ್ಮನ ಮನೆಗೆ ಕಳುಹಿಸಿದರು. ಆದರೆ ಆ ಮನೆಯನ್ನೇ ಸೆರೆಮನೆಯೆಂದು ಘೋಷಿಸಿ! 1975ರ ಮೇ 8ರಂದು ಅಲ್ಲೇ ಪ್ರಾಣ ಹೋಯಿತು. ದಹನವಾದ ಮೇಲೆ ಬೂದಿಯನ್ನು ಒಪ್ಪಿಸಬೇಕೆಂದು ಸೆರೆಮನೆ ಇಲಾಖೆ ಕೇಳಿ ಪಡೆಯಿತು. ಸತ್ತರೂ ಕೈದಿ ಕೈದಿಯೇ ಎಂಬುದು ಅವರ ಲೆಕ್ಕ.

2003ರಲ್ಲಿ ನ್ಯಾಯಾಲಯ ಫಿಶರರ ಹೆಸರನ್ನು ವಕೀಲರ ಪಟ್ಟಿಗೆ ಮರಳಿ ಸೇರಿಸಿತು. ಬೂದಿ ಮಾತ್ರ ಹೆಣ್ಣುಮಕ್ಕಳಿಬ್ಬರ ಕೈಗೆ ಬರಲೇ ಇಲ್ಲ.